ಸಮುದ್ರ ಬಲಕ್ಕಿತ್ತು

ನಿಮ್ಮ ಮನೆಯಲ್ಲಿ ಸೈಕಲ್ಲಿದ್ದರೆ ಒಮ್ಮೆ ಎದ್ದು ಹೋಗಿ ಅದರ ಬ್ರೇಕುಗಳನ್ನು ಹಿಡಿದು ನೋಡಿ. ಬಲಗೈಯ ಹಿಡಿಯನ್ನು ಒತ್ತಿದರೆ ಮುಂದಿನ ಗಾಲಿ ನಿಲ್ಲುತ್ತದೆ, ಎಡಗೈಯದನ್ನು ಒತ್ತಿದರೆ ಹಿಂದಿನದು. ಬಾಲ್ಯದಿಂದ ಸೈಕಲ್ ತುಳಿದವರನ್ನು ಕೇಳಿದರೂ ಇದನ್ನು ತಟ್ಟನೆ ಹೇಳಲಾರರು. ಗಾಳಿಯಲ್ಲಿ ಕೈಯನ್ನು ಮುಷ್ಟಿ ಮಾಡಿ, ಕಣ್ಣನ್ನು ಸ್ವಲ್ಪ ಕಿರಿದಾಗಿಸಿ, ಯಾವುದೋ ಹಳೆಯ ಬೀದಿಯಲ್ಲಿ ಒಮ್ಮೆ ನಿಂತು ಬಂದವರಂತೆ ಯೋಚಿಸಿ ಆಮೇಲೆ ಹೇಳುತ್ತಾರೆ. ಇದು ತಲೆಗೆ ಗೊತ್ತಿರುವ ಸಂಗತಿಯಲ್ಲ, ಕೈಗೆ ಗೊತ್ತಿರುವುದು. ಮನೆಯ ಬೀಗವನ್ನು ಯಾವ ಕಡೆಗೆ ತಿರುಗಿಸಬೇಕು, ಹಾಲಿನ ಪಾತ್ರೆ ಉಕ್ಕುವ ಮುಂಚೆ ಒಲೆಯ ಗುಂಡಿಯನ್ನು ಎಷ್ಟು ಹೊರಳಿಸಬೇಕು, ಸೊಪ್ಪಿನ ಕಂತೆ ಎಷ್ಟು ಭಾರವಿದ್ದರೆ ತಾಜಾ ಎಂಬುದೆಲ್ಲ ಹಾಗೆಯೇ. ನಾವು ನಮ್ಮ ಬುದ್ಧಿಯಿಂದ ಬದುಕುತ್ತಿದ್ದೇವೆ ಎಂದುಕೊಂಡಿರುತ್ತೇವೆ; ದಿನದ ಬಹುಪಾಲನ್ನು ನಮಗಾಗಿ ಸದ್ದಿಲ್ಲದೆ ನಡೆಸಿಕೊಡುವುದು ಈ ಎರಡು ಕೈಗಳು. ತಲೆಗೆ ಹೊಸದನ್ನು ಒಂದು ಮಾತಿನಲ್ಲಿ ಕಲಿಸಬಹುದು, ಕೈಗೆ ಆಗುವುದಿಲ್ಲ. ಈ ವ್ಯತ್ಯಾಸವನ್ನು ನಾನು ಒಂದು ರಸ್ತೆಯ ತಿರುವಿನಲ್ಲಿ ಕಣ್ಣಾರೆ ಕಂಡೆ. ಅದನ್ನು ಕಂಡಷ್ಟೇ, ಕಂಡ ಕ್ರಮದಲ್ಲೇ ಹೇಳುವುದಕ್ಕೆ ಪ್ರಯತ್ನಿಸುತ್ತೇನೆ.

ಬಸವರಾಜರು, ನಮಗೆಲ್ಲ ಬಸಣ್ಣ, ಹುಬ್ಬಳ್ಳಿ ಕಡೆಯವರು. ಅವರ ತಂದೆಯ ಕಾಲಕ್ಕೇ ಚೆನ್ನೈಗೆ ಬಂದು, ಅಂಬತ್ತೂರಿನ ಕಾರ್ಖಾನೆಗಳಿಗೆ ಬೇರಿಂಗು, ಬೆಲ್ಟು ಒದಗಿಸುವ ವ್ಯಾಪಾರ ಹಿಡಿದ ಕುಟುಂಬ. ನಾನು ಮೈಸೂರಿನ ಕಡೆಯವನು, ಚೆನ್ನೈಯ ವಿಮಾ ಕಚೇರಿಯೊಂದರಲ್ಲಿ ವಾಹನಗಳ ಅಪಘಾತ ಕಂಡವರ ಹೇಳಿಕೆ ಬರೆದುಕೊಳ್ಳುವ ಕೆಲಸದಲ್ಲಿ ತಲೆ ನರೆತವನು. ನಮ್ಮಿಬ್ಬರ ಕನ್ನಡಗಳೂ ಬೇರೆ, ಅಡುಗೆಯೂ ಬೇರೆ. ಭಾನುವಾರದ ಬೆಳಗಿನಲ್ಲಿ ಪೂರ್ವ ಕರಾವಳಿಯ ರಸ್ತೆಯುದ್ದಕ್ಕೂ ಸೈಕಲ್ ತುಳಿಯುವ ನಮ್ಮ ಸಣ್ಣ ಗುಂಪು ಮಾತ್ರ ಒಂದೇ. ಅದನ್ನು ಕಟ್ಟಿದವರೂ ಬಸಣ್ಣ, ಅದಕ್ಕೆ ನಿಯಮ ಹಾಕಿದವರೂ ಅವರೇ. ಸಾಲಿನಲ್ಲಿ ಮುಂದೆ ಹೋಗುವವನು ರಸ್ತೆಯಲ್ಲಿ ಗುಂಡಿಯನ್ನೋ ಜಲ್ಲಿಯನ್ನೋ ಕಂಡರೆ ಕೈಯಿಳಿಸಿ ಹಿಂದಿನವನಿಗೆ ತೋರಿಸಬೇಕು. ಅವನು ತನ್ನ ಹಿಂದಿನವನಿಗೆ. ಹೀಗೆ ಒಂದು ಗುಂಡಿಯ ಸುದ್ದಿ ಬಾಯಿಂದ ಬಾಯಿಗಲ್ಲ, ಕೈಯಿಂದ ಕೈಗೆ ಸಾಲಿನ ಕೊನೆಯವರೆಗೆ ಹೋಗುತ್ತದೆ. ಇದು ಎಲ್ಲ ಸೈಕಲ್ ಗುಂಪುಗಳಲ್ಲೂ ಇರುವುದೇ. ನಮ್ಮಲ್ಲಿ ಒಂದು ಸೇರ್ಪಡೆ ಇತ್ತು: ತೋರಿಸುವುದು ಬಲಗೈಯಿಂದ ಮಾತ್ರ. ಗುಂಡಿ ಎಡಕ್ಕಿದ್ದರೆ ಬಲಗೈಯನ್ನೇ ಬೆನ್ನ ಹಿಂದೆ ತಂದು ಎಡಕ್ಕೆ ತೋರಿಸಬೇಕು. ಎಡಗೈ ಹಿಂದಿನ ಗಾಲಿಯ ಬ್ರೇಕನ್ನು ಹಿಡಿದೇ ಇರಬೇಕು, ಅದನ್ನು ಒತ್ತಿದರೆ ಸೈಕಲ್ ಮೆತ್ತಗೆ ನಿಧಾನವಾಗುತ್ತದೆ, ಯಾರೂ ಬೀಳುವುದಿಲ್ಲ ಎಂಬುದು ಅವರ ತರ್ಕ. ಇನ್ನೊಂದು ಕಾರಣವನ್ನೂ ಕೊಡುತ್ತಿದ್ದರು.

"ಎಡಗೈಲೆ ಯಾರಿಗೂ ಏನೂ ಕೊಡಬಾರದಂತ ನಮ್ಮವ್ವ ಬಡದು ಬಡದು ಕಲಿಸ್ಯಾಳ್ರಿ. ಹಿಂದಿನವರಿಗೆ ದಾರಿ ತೋರಸೋದೂ ಕೊಟ್ಟಂಗನ ಅಲ್ಲೇನ್ರಿ?"

ನಾವು ನಗುತ್ತಿದ್ದೆವು, ನಗುತ್ತಲೇ ರೂಢಿ ಮಾಡಿಕೊಂಡೆವು. ಅವರ ಹೆಂಡತಿ ಗಿರಿಜಕ್ಕ ಸಾಲಿನಲ್ಲಿ ಯಾವಾಗಲೂ ಅವರ ಹಿಂದೆ. ಮಗಳು ಅಕ್ಷತಾ ಕಾಲೇಜಿನ ದಿನಗಳಲ್ಲಿ ಕೆಲವು ವರ್ಷ ಬರುತ್ತಿದ್ದಳು. ಅವಳ ಬಲಗೈಯೂ ಹಾಗೆಯೇ ಪಳಗಿತು.

ಅಕ್ಷತಾ ಅಂಗಡಿಯ ವ್ಯವಹಾರವನ್ನು ಕೈಗೆ ತೆಗೆದುಕೊಂಡ ಮೇಲೆ ಗಂಡಹೆಂಡಿರಿಗೆ ಜೀವಮಾನದಲ್ಲಿ ಮೊದಲ ಸಲ ಬಿಡುವು ಸಿಕ್ಕಿತು. ಮೆಡಿಟರೇನಿಯನ್ ಸಮುದ್ರದ ಸಾರ್ಡೀನಿಯ ದ್ವೀಪದಲ್ಲಿ ಕರಾವಳಿಯ ಗುಂಟ ಸೈಕಲ್ ಪ್ರವಾಸ ಏರ್ಪಡಿಸುತ್ತಾರೆ, ಮಾರ್ಗದರ್ಶಿ ಮುಂದೆ ಹೋಗುತ್ತಾಳೆ, ನಮ್ಮ ಗಂಟುಮೂಟೆಯನ್ನು ಒಂದು ವ್ಯಾನು ಊರಿಂದ ಊರಿಗೆ ಸಾಗಿಸುತ್ತದೆ, ಸೈಕಲ್ಲೂ ಅವರದೇ ಎಂದು ಪತ್ತೆ ಹಚ್ಚಿದವರು ಗಿರಿಜಕ್ಕ. ಸೈಕಲ್ ತುಳಿಯುವುದಕ್ಕೆ ವಿಮಾನ ಹತ್ತುವ ಮಂದಿಯನ್ನು ಹುಬ್ಬಳ್ಳಿಯಲ್ಲಿ ಯಾರಾದರೂ ಕಂಡರೆ ಹಿಡಿದು ಆಸ್ಪತ್ರೆಗೆ ಸೇರಿಸುತ್ತಾರೆ ಎಂದು ಬಸಣ್ಣ ಹೇಳುತ್ತಲೇ ಎಲ್ಲರಿಗಿಂತ ಮೊದಲು ಸಿದ್ಧರಾದರು. ಗುಂಪಿನಿಂದ ನಾವು ಕೆಲವರು ಜೊತೆಗೂಡಿದೆವು.

ಮೊದಲ ಬೆಳಗ್ಗೆ ಹೋಟೆಲಿನ ಅಂಗಳದಲ್ಲಿ ಮಾರ್ಗದರ್ಶಿ ಎಲೆನಾ ನಮ್ಮನ್ನೆಲ್ಲ ನಿಲ್ಲಿಸಿಕೊಂಡು, ಎಡಗೈಯನ್ನು ಎತ್ತಿ ಹಿಡಿದು, ಇಲ್ಲಿಯ ಸೈಕಲ್ಲುಗಳಲ್ಲಿ ಮುಂದಿನ ಬ್ರೇಕು ಎಡಕ್ಕಿದೆ, ನಿಮ್ಮಲ್ಲಿಯದಕ್ಕೆ ತಿರುವುಮುರುವು, ಮರೆಯಬೇಡಿ ಎಂದು ನಿಧಾನವಾಗಿ ಹೇಳಿದಳು. ಅವಳ ಇಂಗ್ಲಿಷು ನಮಗೆ ಅರ್ಥವಾಯಿತು. ಆದರೂ ಬಸಣ್ಣ ಅದನ್ನು ಮತ್ತೆ ಕನ್ನಡದಲ್ಲಿ ಹೇಳಿದರು, ನಮ್ಮ ಜೊತೆಗಿದ್ದ ತಮಿಳು ಗೆಳೆಯರಿಗಾಗಿ ತಮಿಳಿನಲ್ಲೂ ಹೇಳಿದರು, ಅಂಗಳದಲ್ಲಿ ಎಲ್ಲರನ್ನೂ ಸುತ್ತು ಹೊಡೆಸಿ ಎಡ ಬಲ ಒತ್ತಿಸಿ ನೋಡಿದರು. ಅಷ್ಟಕ್ಕೇ ಬಿಡಲಿಲ್ಲ. ದಿನಾ ಬೆಳಗ್ಗೆ ಹೊರಡುವ ಮುಂಚೆ ಎಡ ಮುಷ್ಟಿಯನ್ನು ಎತ್ತಿ "ಇದು ಯಾವುದ್ರಿ?" ಎಂದು ಕೇಳುವುದು, ನಾವು ಶಾಲೆಯ ಮಕ್ಕಳಂತೆ "ಮುಂದಿಂದು" ಎಂದು ಒಪ್ಪಿಸುವುದು. ಆ ಗುಂಪಿನಲ್ಲಿ ಈ ವಿಷಯ ಯಾರ ತಲೆಯಲ್ಲಾದರೂ ಗಟ್ಟಿಯಾಗಿ ಕೂತಿತ್ತೆಂದರೆ ಅದು ಬಸಣ್ಣನ ತಲೆಯಲ್ಲೇ.

ದ್ವೀಪ ಚೆನ್ನಾಗಿತ್ತು. ಇದನ್ನು ಹೇಳದೆ ಹೋದರೆ ಅದಕ್ಕೆ ಅನ್ಯಾಯವಾಗುತ್ತದೆ. ರಸ್ತೆ ಬೆಟ್ಟದ ಸೊಂಟಕ್ಕೆ ಸುತ್ತಿಕೊಂಡು ಹೋಗುತ್ತಿತ್ತು, ಒಂದು ಕಡೆ ಕುರುಚಲು ಗಿಡಗಳ ಒಣ ಸುಗಂಧ, ಎಲ್ಲೋ ಕಾಣದ ಕುರಿಗಳ ಕೊರಳ ಗಂಟೆ, ಇನ್ನೊಂದು ಕಡೆ ಕೆಳಗೆ ಆಳದಲ್ಲಿ ನೀಲಿ. ಭೂಶಿರಗಳ ಮೇಲೆ ಹಿಂದೊಮ್ಮೆ ಕಡಲ್ಗಳ್ಳರನ್ನು ಕಾಯುತ್ತಿದ್ದ ಕಲ್ಲಿನ ಗೋಪುರಗಳು, ಈಗ ಯಾರನ್ನೂ ಕಾಯದೆ ನಿಂತಿದ್ದವು. ನಮ್ಮ ಕಡಲಿನ ಭೋರ್ಗರೆತವನ್ನು ಕೇಳಿ ರೂಢಿಯಾದ ನಮಗೆ ಆ ಸಮುದ್ರದ ಮೌನ ವಿಚಿತ್ರವೆನಿಸುತ್ತಿತ್ತು. ಚೆನ್ನೈಯ ಕಾಸಿಮೇಡು ಬಂದರಿನಲ್ಲಿ ಮೀನು ಕೂಗಿ ಮಾರುವವರ ಗಲಾಟೆಯ ನಡುವೆಯೂ ಅಲೆಯ ಸದ್ದು ಕೇಳುತ್ತದೆ. ಇಲ್ಲಿ ನೀರು ತಟ್ಟೆಯಲ್ಲಿ ಸುರಿದಿಟ್ಟಂತೆ. ಬಸಣ್ಣ ಅದನ್ನು ಬಹಳ ಹೊತ್ತು ನೋಡಿ, ಇದಕ್ಕ ಯಾರೋ ಮಾತು ಬಿಡಿಸ್ಯಾರ್ರಿ ಎಂದರು. ಮಧ್ಯಾಹ್ನ ಗೋಡೆಯ ನೆರಳಿನಲ್ಲಿ ಕೂತು ಅಲ್ಲಿಯ ಗಟ್ಟಿ ರೊಟ್ಟಿಗೆ ಗಿರಿಜಕ್ಕನ ಶೇಂಗಾ ಚಟ್ನಿಪುಡಿಯನ್ನು ಎಣ್ಣೆಯಲ್ಲಿ ಕಲಸಿ ತಿನ್ನುತ್ತಿದ್ದೆವು. ಎಲೆನಾ ಒಮ್ಮೆ ರುಚಿ ನೋಡಿ ಕಣ್ಣೊರೆಸಿಕೊಳ್ಳುತ್ತಾ ಇನ್ನೊಂದಿಷ್ಟು ಕೇಳಿದಳು. ಗಿರಿಜಕ್ಕ ಅವತ್ತು ತಾವು ಸತ್ತರೆ ಈ ಗೋಡೆಯ ನೆರಳಿನಲ್ಲಿ ಸಾಯಬೇಕು ಎಂದರು. ಬಸಣ್ಣ, ಮೊದಲು ರೊಟ್ಟಿ ಮುಗಿಸು ಎಂದರು. ಇಂಥ ಮಾತುಗಳು ಆಡುವಾಗ ಗಾಳಿಯಷ್ಟು ಹಗುರವಾಗಿರುತ್ತವೆ.

ಅದು ನಡೆದದ್ದು ಒಂದು ಇಳಿಜಾರಿನಲ್ಲಿ. ನಾವು ದಕ್ಷಿಣಕ್ಕೆ ಹೋಗುತ್ತಿದ್ದೆವು, ಅಲ್ಲಿಯ ರೂಢಿಯಂತೆ ರಸ್ತೆಯ ಬಲಬದಿಯಲ್ಲಿ, ಸಮುದ್ರ ಬಲಕ್ಕಿತ್ತು. ಎಲೆನಾ ಮುಂದಿನ ತಿರುವನ್ನು ದಾಟಿ ಮರೆಯಾಗಿದ್ದಳು. ಅವಳ ಹಿಂದೆ ಬಸಣ್ಣ, ಅವರ ಹಿಂದೆ ಗಿರಿಜಕ್ಕ, ಆಮೇಲೆ ನಾನು. ರಸ್ತೆಯ ಅಂಚಿನಲ್ಲಿ ಡಾಂಬರು ಕಿತ್ತುಹೋಗಿ ಜಲ್ಲಿ ಹರಡಿದ್ದ ಒಂದು ಜಾಗವಿತ್ತು. ಬಸಣ್ಣನ ಬಲಗೈ ಹ್ಯಾಂಡಲನ್ನು ಬಿಟ್ಟಿತು. ಸಮುದ್ರವನ್ನು ತೋರಿಸುವ ಕೈ ಭುಜದ ಎತ್ತರಕ್ಕೆ ಏಳುತ್ತದೆ. ಇವರ ಕೈ ತೊಡೆಯ ಪಕ್ಕಕ್ಕೆ ಇಳಿಯಿತು, ತೋರುಬೆರಳು ನೆಲವನ್ನು ನೋಡಿತು, ಮಣಿಕಟ್ಟು ಅಲುಗಿತು. ಭಾನುವಾರಗಳಲ್ಲಿ ನಾನು ಎಣಿಸಲಾಗದಷ್ಟು ಸಲ ಕಂಡ ಸನ್ನೆ. ಗಿರಿಜಕ್ಕನ ಗಾಲಿ ತಕ್ಷಣ ಎಡಕ್ಕೆ ಸರಿದು ಜಲ್ಲಿಯನ್ನು ತಪ್ಪಿಸಿತು. ಅದೇ ಕ್ಷಣ ಮುಂದೆ ತಿರುವು ಬಿಗಿಯಾಯಿತು, ಬಸಣ್ಣನ ಎಡಗೈ, ಎಂದೂ ಬಿಡಬಾರದ, ಎಂದೂ ಬೀಳಿಸದ ಆ ಎಡಗೈ, ತನಗೆ ಗೊತ್ತಿದ್ದುದನ್ನು ಮಾಡಿತು. ನಿಧಾನವಾಗುವುದಕ್ಕೆ ಬ್ರೇಕನ್ನು ಒತ್ತಿತು. ಚೆನ್ನೈಯಲ್ಲಾಗಿದ್ದರೆ ಹಿಂದಿನ ಗಾಲಿ ನಿಲ್ಲುತ್ತಿತ್ತು. ಅಲ್ಲಿ ಮುಂದಿನದು ನಿಂತಿತು. ಸೈಕಲ್ಲು ಹಿಂದಿನಿಂದ ಎದ್ದು ನಿಂತಂತಾಗಿ, ಒಂದೇ ಕೈಯ ಹಿಡಿತದಲ್ಲಿದ್ದ ಅವರ ದೇಹ ಅದರ ಮೇಲಿಂದ ಹಾರಿ, ರಸ್ತೆಯ ಅಂಚಿನ ಮೋಟು ಕಲ್ಲುಗೋಡೆಗೆ ಬಡಿಯಿತು. ತಲೆಗೆ ಹೆಲ್ಮೆಟ್ ಇತ್ತು, ಕುತ್ತಿಗೆಗೆ ಏನಿರುತ್ತದೆ? ಎಲೆನಾ ಓಡಿ ಬಂದಳು, ವ್ಯಾನು ಬಂತು, ಬೆಟ್ಟದ ಮೇಲಿಂದ ಹೆಲಿಕಾಪ್ಟರು ಬಂತು. ಯಾರೂ ತಡ ಮಾಡಲಿಲ್ಲ. ಅವರಿಗೆ ಮತ್ತೆ ಎಚ್ಚರವಾಗಲಿಲ್ಲ.

ಆಸ್ಪತ್ರೆಯ ಮೊಗಸಾಲೆಯಲ್ಲಿ ಗಿರಿಜಕ್ಕ ಮಗಳಿಗೆ ಫೋನಿನಲ್ಲಿ ಹೇಳುತ್ತಿದ್ದುದು ನನಗೆ ಕೇಳಿಸಿತು. ಅಪ್ಪ ಸಮುದ್ರ ತೋರಿಸುವುದಕ್ಕೆ ಕೈ ಬಿಟ್ಟರು, ನೋಡು ನೋಡು ಎಂದು ತೋರಿಸುತ್ತಲೇ ಬಿದ್ದರು. ನಾನು ಗೋಡೆಗೆ ಒರಗಿ ನಿಂತಿದ್ದೆ. ನನ್ನ ಕಣ್ಣು ಕಂಡದ್ದು ಅದಲ್ಲ. ಆದರೆ ನನಗಿಂತ ಹತ್ತಿರವಿದ್ದವರು ಅವರು, ಆ ಸನ್ನೆ ಯಾರಿಗಾಗಿ ಆಯಿತೋ ಅವರು.

ಕಂಡವರ ಹೇಳಿಕೆಯನ್ನು ಬರೆದುಕೊಳ್ಳುತ್ತಾ ಬಂದ ನನಗೆ ಒಂದು ವಿಷಯ ಗೊತ್ತು. ಮನುಷ್ಯರು ಸುಳ್ಳು ಹೇಳುವುದು ಕಡಿಮೆ. ತಮಗೆ ತಾಳಿಕೊಳ್ಳಲಾಗುವ ರೀತಿಯಲ್ಲಿ ಕಂಡದ್ದನ್ನು ಜೋಡಿಸಿಕೊಳ್ಳುವುದು ಹೆಚ್ಚು. ಲಾರಿ ವೇಗವಾಗಿ ಬಂತು ಎನ್ನುವವನು ಲಾರಿಯನ್ನು ಕಂಡಿರುವುದಿಲ್ಲ, ಸದ್ದನ್ನು ಕೇಳಿ ತಿರುಗಿರುತ್ತಾನೆ. ಅವನನ್ನು ದೂರಲಾಗುವುದಿಲ್ಲ. ಒಡೆದದ್ದನ್ನು ಒಡೆದ ಹಾಗೆಯೇ ಇಟ್ಟುಕೊಂಡು ಯಾರೂ ಬಹಳ ದಿನ ಬದುಕಲಾರರು, ಏನಾದರೊಂದು ಆಕಾರ ಕೊಟ್ಟುಕೊಳ್ಳಲೇಬೇಕು. ಗಿರಿಜಕ್ಕನೂ ಹೀಗೆಯೇ ಮಾಡಿಕೊಂಡಿರಬೇಕು ಎಂದುಕೊಂಡೆ. ಇದು ನನ್ನ ಅನುಭವ ನನಗೆ ಕೊಟ್ಟ ಉತ್ತರ. ಅನುಭವವೂ ಎಡಗೈಯಂಥದೇ, ಊರು ಬದಲಾದರೆ ತಪ್ಪು ಗಾಲಿಯನ್ನು ನಿಲ್ಲಿಸುತ್ತದೆ.

ಬಸಣ್ಣನ ಮನೆತನದಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುವ ಪದ್ಧತಿ. ಪೆಟ್ಟಿಗೆಯಲ್ಲಿ ಮಲಗಿ ಅಷ್ಟು ದೂರದಿಂದ, ಅಷ್ಟು ತಡವಾಗಿ ಬಂದ ದೇಹವನ್ನು ಕೂರಿಸುವುದಕ್ಕೆ ಆಗಲಿಲ್ಲ. ಹಿರಿಯರು ತಮ್ಮತಮ್ಮಲ್ಲೇ ಚರ್ಚಿಸತೊಡಗಿದಾಗ ಗಿರಿಜಕ್ಕ ಅವರ ಮಧ್ಯೆ ಹೋಗಿ ನಿಂತರು.

"ಮಲಗಲಿ ಬಿಡ್ರಿ," ಎಂದರು. "ಭಾಳ ದೂರ ಸೈಕಲ್ ಹೊಡದಾರ."

ಮಲಗಿಸಿಯೇ ಮಣ್ಣು ಮಾಡಿದರು.

ಅಕ್ಷತಾ ಅಳಲಿಲ್ಲ. ಮಾರನೆಯ ವಾರವೇ ಅಂಗಡಿ ತೆರೆದಳು. ನಾನು ಕಂಡಾಗಲೆಲ್ಲ ಅವಳ ಮಾತಿನಲ್ಲಿ ತಂದೆಯ ವಿಷಯ ಬಂದರೆ ಒಂದು ಗಡಸು ಬರುತ್ತಿತ್ತು. ಮನೆಯಲ್ಲಿ ಕನ್ನಡ ಕೇಳಿಯೇ ಬೆಳೆದವಳು, ಉತ್ತರ ಮಾತ್ರ ತಮಿಳಿನಲ್ಲಿ, ಇಲ್ಲವೇ ಇಂಗ್ಲಿಷಿನಲ್ಲಿ. ಇಳಿಜಾರಿನಲ್ಲಿ ಸುಮ್ಮಸುಮ್ಮನೆ ಕೈ ಬಿಡಬೇಡ ಎಂದು ತನ್ನನ್ನು ಅಳಿಸಿ ಕಲಿಸಿದ ಮನುಷ್ಯ, ಯಾವುದೋ ನೀಲಿ ನೀರನ್ನು ತೋರಿಸುವುದಕ್ಕೆ ಕೈ ಬಿಟ್ಟರಂತೆ. ಅಮ್ಮನನ್ನು, ತನ್ನನ್ನು, ಅಂಗಡಿಯನ್ನು ಒಂದು ನೋಟಕ್ಕಾಗಿ ಬಿಟ್ಟು ಹೋದರಂತೆ. ಗೋಡೆಯ ಮೇಲೆ ಅವರ ಫೋಟೋ ಹಾಕುವುದಕ್ಕೂ ಅವಳು ಒಪ್ಪಿರಲಿಲ್ಲ. ಒಂದು ದಿನ ಅಂಗಡಿಗೆ ಹೋದವನನ್ನು ಕೂರಿಸಿಕೊಂಡು, ಚಹ ತರಿಸಿ, ಕೇಳಿಯೇಬಿಟ್ಟಳು.

"ನೀಂಗ ಪಿನ್ನಾಡಿ ಇರುಂದೀಂಗಲ್ಲ, ಅಂಕಲ್. ಉಣ್ಮೈಯ ಸೊಲ್ಲುಂಗ."

ನೀವು ಹಿಂದೆಯೇ ಇದ್ದಿರಲ್ಲ, ನಿಜ ಹೇಳಿ ಎಂದು. ಚಹದ ಲೋಟ ನನ್ನ ಕೈಯಲ್ಲಿ ಬಿಸಿಯಾಗಿಯೇ ಇತ್ತು. ಇನ್ನೊಂದು ದಿನ ಮಾತಾಡೋಣಮ್ಮ ಎಂದೆ. ಸರಿ, ಶುಕ್ರವಾರ ಬನ್ನಿ, ಅಪ್ಪನ ಸೈಕಲನ್ನು ಪಲ್ಲಾವರಂ ಸಂತೆಗೆ ಹಾಕಿಬಿಡುತ್ತೇನೆ, ಬೆಲೆ ಕಟ್ಟುವುದು ನಿಮಗೆ ಗೊತ್ತಾಗುತ್ತದೆ ಎಂದಳು.

ಆ ಶುಕ್ರವಾರಕ್ಕೆ ಮುಂಚೆ ನಾನು ಗಿರಿಜಕ್ಕನ ಮನೆಗೆ ಹೋದೆ. ನನ್ನ ಲೆಕ್ಕಾಚಾರ ಹೀಗಿತ್ತು: ಅವರಿಗೆ ನಿಜ ಗೊತ್ತಿಲ್ಲ, ತಿಳಿದರೆ ತಮಗೆ ದಾರಿ ತೋರಿಸಲು ಹೋಗಿ ಗಂಡ ಸತ್ತರೆಂಬ ಭಾರ ಹೊರಬೇಕಾಗುತ್ತದೆ, ತಿಳಿಯದಿದ್ದರೆ ಮಗಳು ತಂದೆಯನ್ನು ಬೇಜವಾಬ್ದಾರಿಯ ಮನುಷ್ಯನೆಂದೇ ತಿಳಿದು ಬದುಕುತ್ತಾಳೆ. ಯಾರೊಬ್ಬರಿಗಾದರೂ ಅನ್ಯಾಯ. ಹೇಗೆ ಶುರು ಮಾಡಲಿ ಎಂದು ತಡವರಿಸಿ, ಅವತ್ತು ಬಸಣ್ಣನ ಕೈ, ಗಿರಿಜಕ್ಕ, ಎಂದಷ್ಟೇ ಹೇಳಿದೆ. ಅವರು ಬಟಾಣಿ ಬಿಡಿಸುತ್ತಿದ್ದವರು ನಿಲ್ಲಿಸಲಿಲ್ಲ.

"ಕೈ ಕೆಳಗಿತ್ರಿ. ನಾ ನೋಡಿಲ್ಲೇನು? ನೋಡಿದ್ದಕ್ಕಽ ಗಾಲಿ ತಿರುವಿದ್ದು."

ಅವರೇ ಮುಂದುವರಿಸಿದರು, ಏರಿಳಿತವಿಲ್ಲದ ಧ್ವನಿಯಲ್ಲಿ. ಫೋನು ಹಿಡಿದಾಗ ಮಗಳ ಮೊದಲ ಪ್ರಶ್ನೆಯೇ ಹೇಗಾಯಿತು ಎಂದಿತ್ತಂತೆ. ನಿಜ ಹೇಳಿದರೆ ಅದು ಅವಳ ಕಿವಿಯಲ್ಲಿ ಉಳಿದುಬಿಡುತ್ತದೆ: ಅವ್ವನಿಗೆ ಗುಂಡಿ ತೋರಿಸಲು ಹೋಗಿ ಅಪ್ಪ ಸತ್ತ. ತಾನು ಬದುಕಿರುವಷ್ಟು ದಿನ ಮಗಳು ತನ್ನ ಮುಖ ನೋಡಿದಾಗಲೆಲ್ಲ ಅದನ್ನೇ ನೋಡುತ್ತಾಳೆ, ನೋಡಬಾರದೆಂದು ಪ್ರಯತ್ನಪಟ್ಟು ನೋಡುತ್ತಾಳೆ.

"ಸಿಟ್ಟು ಯಾರ ಮ್ಯಾಲರೆ ಇರಬೇಕಲ್ರಿ ಅಕಿಗೆ. ಅವರ ಮ್ಯಾಲ ಇರಲಿ. ಅವರು ತಡಕೋತಾರ. ನನಗ ಆಗಂಗಿಲ್ಲ."

ಇನ್ನೊಂದು ಹಿಡಿ ಬಟಾಣಿ ಬಿಡಿಸಿ ಪಾತ್ರೆಗೆ ಹಾಕಿದರು. ಆಮೇಲೆ, ಇನ್ನೊಂದು ಮಾತು ಎಂದು ತಲೆಯೆತ್ತಿದರು.

"ಗುಂಡಿ ನೋಡಿ ಸತ್ತರು ಅಂದ್ರ ನನ್ನ ಸಲುವಾಗಿ ಸತ್ತಂಗ. ಸಮುದ್ರ ನೋಡಿ ಸತ್ತರು ಅಂದ್ರ ತಮ್ಮ ಸಲುವಾಗಿ. ಹುಟ್ಟಿದಾಗಿಂದ ಅವರು ತಮ್ಮ ಸಲುವಾಗಿ ಏನೂ ಮಾಡಿದ್ದಿಲ್ರಿ. ಇದೊಂದರೆ ಇರಲಿ."

ಅವರು ನಿಜವನ್ನು ಮರೆತಿರಲಿಲ್ಲ, ಅದಕ್ಕೆ ಬೇರೆ ಆಕಾರವನ್ನೂ ಕೊಟ್ಟುಕೊಂಡಿರಲಿಲ್ಲ. ಒಡೆದದ್ದನ್ನು ಒಡೆದ ಹಾಗೆಯೇ ಮಡಿಲಲ್ಲಿಟ್ಟುಕೊಂಡು ಒಬ್ಬರೇ ಕೂತಿದ್ದರು. ಏಳುವಾಗ, ಇದು ನನ್ನೊಳಗೆ ಹಿಡಿಯುತ್ತಿಲ್ಲ, ಎಲ್ಲಿಯಾದರೂ ಬರೆದಿಡಬೇಕೆನಿಸುತ್ತದೆ ಎಂದೆ. ಅವರು ನಕ್ಕರು, ಆ ದಿನಗಳಲ್ಲಿ ನಾನು ಕಂಡ ಅವರ ಒಂದೇ ನಗು. ಬರೀರಿ, ಹೆಸರು ಬದಲಿಸಿ ಕನ್ನಡದಾಗ ಬರೀರಿ, ಅಕಿಗೆ ಓದಾಕ ಬರಂಗಿಲ್ಲ ಎಂದರು. ಹಾಗಾಗಿ ಇದು ನಿಮ್ಮ ಕೈಗೆ ಬಂದಿದೆ. ಒಂದು ಮನೆಯ ತಾಯಿನುಡಿ ಅದೇ ಮನೆಯ ಮಗಳಿಂದ ಬಚ್ಚಿಡುವ ಜಾಗವೂ ಆಗಬಹುದೆಂದು ನಾನು ಅದುವರೆಗೆ ಯೋಚಿಸಿರಲಿಲ್ಲ.

ಶುಕ್ರವಾರ ಪಲ್ಲಾವರಂ ಸಂತೆಯಲ್ಲಿ ಬಿಸಿಲು ಆಗಲೇ ಏರಿತ್ತು. ಹಳೆಯ ಫ್ಯಾನುಗಳು, ಕೈಕಾಲು ಮುರಿದ ಕುರ್ಚಿಗಳು, ಗಿಡದ ಕುಂಡಗಳು, ಪಂಜರದ ಪಕ್ಷಿಗಳ ನಡುವೆ ಅಕ್ಷತಾ ಸೈಕಲನ್ನು ನಿಲ್ಲಿಸಿಕೊಂಡಿದ್ದಳು. ಆಗಾಗ ವಿಮಾನಗಳು ತಲೆಯ ಮೇಲೆಯೇ ಇಳಿಯುತ್ತಿದ್ದವು, ಆ ಸದ್ದು ಮುಗಿಯುವವರೆಗೆ ಸಂತೆಯಿಡೀ ಬಾಯಿ ಮುಚ್ಚಿ ಕಾಯುತ್ತಿತ್ತು. ನಡುವಯಸ್ಸಿನವರೊಬ್ಬರು ಬಂದು ಗಾಲಿ ತಿರುಗಿಸಿ ನೋಡಿ, ಇಷ್ಟು ಚೊಕ್ಕಟವಾಗಿದೆ, ಯಾರದು ಎಂದು ಕೇಳಿದರು. ಅವಳು ಉತ್ತರ ಕೊಡಲಿಲ್ಲ. ನನ್ನ ಕಡೆ ತಿರುಗಿದಳು. ಕೇಳಬೇಕಾದದ್ದನ್ನು ಆಗಲೇ ಕೇಳಿದ್ದಳು, ಕಾಯುತ್ತಿದ್ದಳು ಅಷ್ಟೇ.

ನಾನು ನಿಧಾನವಾಗಿ, ಒಂದೊಂದೇ ಪದವನ್ನು ಇಟ್ಟು ಹೇಳಿದೆ. ಸಮುದ್ರ ಬಲಕ್ಕಿತ್ತು. ಅಪ್ಪನ ಬಲಗೈಯೂ ಬಲಕ್ಕಿತ್ತು. ಆಮೇಲೆ ತಿರುವು ಬಂತು. ಇದರಲ್ಲಿ ಒಂದು ಪದವೂ ಸುಳ್ಳಲ್ಲ. ಇಂಥ ಹೇಳಿಕೆಯನ್ನು ಬೇರೆ ಯಾರಾದರೂ ಕೊಟ್ಟಿದ್ದರೆ, ಇನ್ನೊಂದು ಪ್ರಶ್ನೆ ಕೇಳದೆ ನಾನು ಬಿಡುತ್ತಿರಲಿಲ್ಲ.

ಅವಳೂ ಬಿಡಲಿಲ್ಲ. ಒಂದು ವಿಮಾನ ಹಾದು ಹೋಗುವವರೆಗೆ ಕಾದು ಕೇಳಿದಳು: "ಅಪ್ಪಾ ಮುಖಂ ಎಪ್ಪಡಿ ಇರುಂದುಚ್ಚು? ಸಂತೋಷಮಾ ಇರುಂದಾರಾ?" ಅಪ್ಪನ ಮುಖ ಹೇಗಿತ್ತು, ಸಂತೋಷವಾಗಿದ್ದರೇ ಎಂದು.

ಸಾಲಿನಲ್ಲಿ ಹಿಂದೆ ಹೋಗುವವನಿಗೆ ಮುಂದಿನವರ ಬೆನ್ನು ಕಾಣುತ್ತದೆ, ಕೈ ಕಾಣುತ್ತದೆ, ಗಾಲಿ ಕಾಣುತ್ತದೆ. ಮುಖ ಕಾಣುವುದಿಲ್ಲ. ಬಸಣ್ಣನ ಮುಖವನ್ನು ಆ ಕ್ಷಣ ಕಂಡವರು ಯಾರೂ ಇಲ್ಲ, ಆ ಸಮುದ್ರವೊಂದನ್ನು ಬಿಟ್ಟರೆ. ಕಾಣದ್ದನ್ನು ಕಂಡೆ ಎನ್ನಬಾರದೆಂಬ ಒಂದೇ ನಿಯಮದ ಮೇಲೆ ನನ್ನ ಇಡೀ ಕೆಲಸದ ಬದುಕು ನಿಂತಿತ್ತು.

"ಸಂತೋಷಮಾ ಇರುಂದಾರ್‌ಮ್ಮಾ," ಎಂದೆ, ಅವಳ ಮಾತಿನಲ್ಲೇ. "ನಾನ್ ಪಾತ್ತೇನ್." ನಾನು ನೋಡಿದೆ.

ಅವಳು ಬಹಳ ಹೊತ್ತು ಸೈಕಲ್ಲಿನ ಸೀಟಿನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ಬಿಸಿಲಿಗೆ ಅದು ಸುಡುತ್ತಿದ್ದಿರಬೇಕು. ಪೈತ್ತಿಯಂ ಎಂದಳು, ಹುಚ್ಚಪ್ಪ ಎಂದು ಅಕ್ಕರೆಯವರನ್ನು ಬೈಯುವ ಹಾಗೆ, ನನಗಲ್ಲ. ಆಮೇಲೆ, ಇನ್ನೂ ಕಾದು ನಿಂತಿದ್ದ ಆ ನಡುವಯಸ್ಸಿನವರ ಕಡೆ ತಿರುಗಿ, ಇದು ನಮ್ಮಪ್ಪನದು, ಎಲ್ಲೇ ಹೋದರೂ ಜೋಪಾನವಾಗಿ ನೋಡಿಕೊಳ್ಳುತ್ತಿದ್ದರು, ನೀವೂ ನೋಡಿಕೊಳ್ಳಬೇಕು ಎಂದು ಹೇಳತೊಡಗಿದಳು. ಹೇಳುತ್ತಾ ಹೇಳುತ್ತಾ ಅವಳ ಧ್ವನಿ ಒಡೆಯಿತು.